ಹಿಕ್ಕೆಯಲ್ಲಿ ರಕ್ತ ಕಂಡ ಮೇಲೆ ಉಳಿಯುವ ಎರಡು ದಿನ

ಮಳೆ ಹಿಡಿದು ನಾಲ್ಕಾರು ದಿನ ಬಿಸಿಲು ಕಾಣದಿದ್ದರೆ ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ಕೋಳಿಗೂಡುಗಳಲ್ಲಿ ನೋಡಬೇಕಾದದ್ದು ಮರಿಗಳ ಮುಖವನ್ನಲ್ಲ, ಅವುಗಳ ಹಿಕ್ಕೆಯನ್ನು. ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿಕೊಂಡು, ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ತೂಕಡಿಸುತ್ತವೆ. ಮೇವು ಮುಟ್ಟುವುದಿಲ್ಲ, ನೀರು ಮಾತ್ರ ಕುಡಿಯುತ್ತವೆ. ಹಾಸಿದ ಹೊಟ್ಟಿನ ಮೇಲೆ ಹಿಕ್ಕೆಯ ಜೊತೆ ರಕ್ತ ಕಾಣುತ್ತದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ನಾಲ್ಕೈದು ಮರಿ ಸೆಟೆದು ಬಿದ್ದಿರುತ್ತವೆ. ಜನ ಇದನ್ನು ರಕ್ತಭೇದಿ ಎನ್ನುತ್ತಾರೆ, ಪಶುವೈದ್ಯರು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ.

ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಐಮೇರಿಯಾ ಎಂಬ ಏಕಕೋಶ ಪರಾವಲಂಬಿ. ಕೋಳಿಗೆ ತಗಲುವ ಐಮೇರಿಯಾಗಳು ಏಳು ಬಗೆ. ಒಂದೊಂದೂ ಕರುಳಿನ ತನ್ನದೇ ಜಾಗ ಹಿಡಿಯುತ್ತದೆ. ಹೆಚ್ಚು ರಕ್ತ ಹರಿಸುವುದು ಐಮೇರಿಯಾ ಟೆನೆಲ್ಲಾ. ಸತ್ತ ಮರಿಯ ಹೊಟ್ಟೆ ಸೀಳಿ ನೋಡಿದರೆ ಅದರ ಗುರುತು ಬರಿಗಣ್ಣಿಗೇ ಸಿಗುತ್ತದೆ. ಸಣ್ಣ ಕರುಳೂ ದೊಡ್ಡ ಕರುಳೂ ಸೇರುವಲ್ಲಿ ಕೋಳಿಗೆ ಎರಡು ಕುರುಡುಗರುಳುಗಳಿವೆ, ಒಂದು ಕೊನೆ ಮುಚ್ಚಿದ ಚೀಲಗಳಂಥವು. ಆರೋಗ್ಯದ ಮರಿಯಲ್ಲಿ ಅವು ಸಣ್ಣಗೆ, ಒಳಗೆ ಕಂದು ಮಲ ತುಂಬಿಕೊಂಡಿರುತ್ತವೆ. ರೋಗದ ಮರಿಯಲ್ಲಿ ಉಬ್ಬಿ ಕಡುಗೆಂಪಾಗಿರುತ್ತವೆ. ಕತ್ತರಿಸಿದರೆ ಹೆಪ್ಪುಗಟ್ಟಿದ ರಕ್ತ ಹೊರಬರುತ್ತದೆ.

ಅಷ್ಟು ರಕ್ತ ಬರುವುದು ಹೇಗೆಂದು ತಿಳಿದರೆ ಚಿಕಿತ್ಸೆಯ ಅರ್ಧ ತಿಳಿದಂತೆ. ರೋಗದ ಬೀಜ ಊಸಿಸ್ಟ್, ಅಂದರೆ ಗಟ್ಟಿ ಕವಚದ ತತ್ತಿ. ಗಾತ್ರ ಒಂದು ಮಿಲಿಮೀಟರಿನ ಸುಮಾರು ನಲವತ್ತನೇ ಒಂದು ಭಾಗ. ಹಿಕ್ಕೆಯೊಡನೆ ಹೊರಬಿದ್ದಾಗ ಅದಿನ್ನೂ ಎಳಸು, ರೋಗ ತರಲಾರದು. ಗಾಳಿ, ತೇವ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿತು, ಒಳಗೆ ಎಂಟು ಪರಾವಲಂಬಿಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ನಮ್ಮ ಮಳೆಗಾಲ ಈ ಮೂರನ್ನೂ ಒಟ್ಟಿಗೇ ಒದಗಿಸುತ್ತದೆ. ಹೊಟ್ಟು ಕೆದಕುವ ಮರಿ ಅದನ್ನು ನುಂಗುತ್ತದೆ. ಒಳಹೊಕ್ಕ ಪರಾವಲಂಬಿ ಕರುಳಗೋಡೆಯ ಜೀವಕೋಶಗಳನ್ನು ಸೇರಿ, ಒಂದು ನೂರಾಗಿ ಒಡೆದು, ಪಕ್ಕದ ಕೋಶಗಳಿಗೆ ನುಗ್ಗುತ್ತದೆ. ಎರಡನೇ ಸುತ್ತಿನ ಒಡೆತ ಗೋಡೆಯ ಆಳದಲ್ಲಿ ನಡೆಯುವುದರಿಂದ ರಕ್ತನಾಳಗಳೂ ಹರಿಯುತ್ತವೆ. ನುಂಗಿದ ನಾಲ್ಕು ಐದನೇ ದಿನ ರಕ್ತ, ಐದಾರನೇ ದಿನ ಸಾವು. ಹೊಸ ಊಸಿಸ್ಟುಗಳು ಹಿಕ್ಕೆಯಲ್ಲಿ ಸುರಿಯತೊಡಗುವುದು ಆರೇಳನೇ ದಿನ. ನುಂಗಿದ ಒಂದೊಂದಕ್ಕೆ ಪ್ರತಿಯಾಗಿ ಹೊರಬರುವವು ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ.

ಈ ದಿನಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿ. ರಕ್ತ ಮೊದಲು, ಬೀಜದ ಸುರಿಮಳೆ ಆಮೇಲೆ. ನಡುವೆ ಇರುವುದು ಸುಮಾರು ಎರಡು ದಿನ. ಆ ಎರಡು ದಿನದಲ್ಲಿ ಮದ್ದು ಬಿದ್ದರೆ ಸುರಿಯುವ ಬೀಜ ಬಹಳಷ್ಟು ಕಡಿಮೆಯಾಗುತ್ತದೆ. ಬೀಳದಿದ್ದರೆ, ಬದುಕಿ ಉಳಿದ ಮರಿಗಳೇ ಇಡೀ ಗೂಡಿಗೆ ಮುಂದಿನ ಸುತ್ತನ್ನು ಬಿತ್ತುತ್ತವೆ.

ರೇಷ್ಮೆ ಸಾಕುವ ಈ ಸೀಮೆಗೆ ಕಣ್ಣಿಗೆ ಕಾಣದ ಬೀಜದ ಮಾತು ಹೊಸದಲ್ಲ. ಹುಳುಗಳ ಗಂಟುರೋಗವೂ ಇಂಥ ಬೀಜಾಣುಗಳಿಂದಲೇ ಬರುತ್ತದೆ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಆರಿಸುವ ಕ್ರಮವನ್ನು ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ರೂಪಿಸಿದ. ಅದು ಇಂದಿಗೂ ಇಲ್ಲಿ ನಡೆಯುತ್ತಿದೆ. ಬೆಳೆ ಬೆಳೆಗೂ ಹುಳುಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯುವ ಶಿಸ್ತು ನಮ್ಮ ರೈತರದು. ಆದರೆ ಅದೇ ಪೌಡರನ್ನು ಕೋಳಿಗೂಡಿಗೆ ಎರಚಿ ನಿಶ್ಚಿಂತರಾದರೆ ಮೋಸಹೋದಂತೆ. ಊಸಿಸ್ಟಿನ ಕವಚ ಕ್ಲೋರಿನ್ನಿಗೆ ಬಗ್ಗುವುದಿಲ್ಲ. ಪ್ರಯೋಗಾಲಯಗಳಲ್ಲಿ ಊಸಿಸ್ಟುಗಳಿಗೆ ಅಂಟಿದ ಬ್ಯಾಕ್ಟೀರಿಯಾ ತೊಲಗಿಸಲು ಅವನ್ನು ಕ್ಲೋರಿನ್ ದ್ರಾವಣದಲ್ಲೇ ತೊಳೆಯುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತವೆ, ಊಸಿಸ್ಟು ಬದುಕುತ್ತದೆ. ಅದನ್ನು ಕೊಲ್ಲುವುದು ಒಣಗು, ಸುಡುಬಿಸಿ, ಗಾಢ ಅಮೋನಿಯಾ. ನೆರಳಿನ ತೇವದ ಮಣ್ಣಿನಲ್ಲಾದರೆ ತಿಂಗಳುಗಟ್ಟಲೆ ಬದುಕಿರುತ್ತದೆ.

ಕಾಯಿಲೆ ಹಳೆಯದೇ ಆದರೂ ಈಗ ಎಚ್ಚರಿಸುವುದಕ್ಕೆ ಕಾರಣವಿದೆ. ಹ್ಯಾಟೆಯ ಹಿಂದೆ ಹತ್ತು ಮರಿ ತಿಪ್ಪೆ ಕೆದಕುತ್ತ ಓಡಾಡಿದಾಗ ಒಂದೊಂದೂ ಅಲ್ಲಲ್ಲಿ ನಾಲ್ಕು ಊಸಿಸ್ಟು ನುಂಗುತ್ತದೆ. ಅಷ್ಟರಿಂದ ಕಾಯಿಲೆ ಜೋರಾಗುವುದಿಲ್ಲ, ಬದಲಿಗೆ ರೋಗನಿರೋಧಕ ಶಕ್ತಿ ಬರುತ್ತದೆ. ಇನ್ನೂರು ಮರಿಯನ್ನು ಒಂದೇ ಕೋಣೆಗೆ ಬಿಟ್ಟಾಗ ಮರಿಯೂ ಅದೇ, ರೋಗವೂ ಅದೇ, ನುಂಗುವ ಪ್ರಮಾಣ ಮಾತ್ರ ನೂರಾರು ಪಟ್ಟು ಏರಬಲ್ಲದು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಿಲ ಕೋಳಿಗಳು ಸುಮಾರು 31.7 ಕೋಟಿ, 2012ಕ್ಕಿಂತ ಶೇ 45.8 ಹೆಚ್ಚು. ಅದೇ ಅವಧಿಯಲ್ಲಿ ಒಟ್ಟು ಕೋಳಿಗಳ ಏರಿಕೆ ಶೇ 16.8 ಮಾತ್ರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ, ಸ್ವರ್ಣಧಾರದಂಥ ತಳಿಗಳು ಹಳ್ಳಿಯ ಮಹಿಳೆಯರ ಕೈಗೆ ಹಣ ತಂದಿವೆ, ತಪ್ಪು ತಳಿಯದಲ್ಲ. ಹಿತ್ತಿಲ ಕೋಳಿ ಎಂಬ ಹೆಸರು ಹಾಗೇ ಉಳಿದು, ಸಾಕುವ ದಟ್ಟಣೆ ಫಾರಂನದಾಗುತ್ತಿದೆ. ಫಾರಂಗಳಲ್ಲಿ ಮೇವಿನಲ್ಲೇ ಬೆರೆಸಿ ಕೊಡುವ ತಡೆಮದ್ದು ಹಿತ್ತಿಲಲ್ಲಿ ಇರುವುದಿಲ್ಲ. ಈ ಒಂದು ಕಾಯಿಲೆ ಜಗತ್ತಿನ ಕೋಳಿ ಸಾಕಣೆಗೆ ಮಾಡುವ ನಷ್ಟ, 2020ರಲ್ಲಿ ಪ್ರಕಟವಾದ ಅಂದಾಜಿನಂತೆ, 2016ರ ಬೆಲೆಯಲ್ಲಿ ವರ್ಷಕ್ಕೆ 1,000 ಕೋಟಿ ಪೌಂಡಿಗೂ ಹೆಚ್ಚು.

ಇನ್ನು ಮದ್ದಿನ ಮಾತು. ನನ್ನ ಆತಂಕ ಹೆಚ್ಚಾಗಿರುವುದು ಇಲ್ಲೇ. ಭೇದಿ ಎಂದ ಕೂಡಲೇ ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಬಿಚ್ಚಿ ನೀರಿಗೆ ಹಾಕುವವರಿದ್ದಾರೆ. ಬ್ಯಾಕ್ಟೀರಿಯಾಕ್ಕೆಂದು ಮಾಡಿದ ಔಷಧಿ ರಕ್ತಭೇದಿಗೆ ಮದ್ದಲ್ಲ. ಗಾಯವಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದಿದ್ದರೆ ಆ್ಯಂಟಿಬಯೋಟಿಕ್‌ನಿಂದ ಒಂದಷ್ಟು ಮರಿ ಚೇತರಿಸಬಹುದು. ಅದನ್ನು ಕಂಡವರು ಇದೇ ಸರಿಯಾದ ಮದ್ದೆಂದು ನಂಬುತ್ತಾರೆ. ಆ ಹಿಕ್ಕೆ ತಿಪ್ಪೆಗೆ, ತಿಪ್ಪೆಯಿಂದ ರಾಗಿ ಹೊಲಕ್ಕೆ, ಹಿಪ್ಪುನೇರಳೆ ತೋಟಕ್ಕೆ ಹೋಗುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೂ ಜೊತೆಗೇ ಹೋಗುತ್ತವೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಇಂಥ ಭಯದಿಂದಲೇ.

ಸರಿಯಾದ ಮದ್ದು ಹಳೆಯದು, ಅಗ್ಗವಾದದ್ದು: ಆಂಪ್ರೋಲಿಯಂ. ಇದರ ರಚನೆ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಹೋಲುತ್ತದೆ. ಪರಾವಲಂಬಿ ಥಯಾಮಿನ್ ಎಂದೇ ಅದನ್ನು ಒಳಗೆಳೆದುಕೊಂಡು, ನಿಜವಾದ ಥಯಾಮಿನ್ ಸಿಗದೆ ಸಾಯುತ್ತದೆ. ಆದ್ದರಿಂದ ಮರಿ ಸೋತಿದೆಯೆಂದು ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಬೆರೆಸುವುದು ಪರಾವಲಂಬಿಗೆ ಊಟ ಬಡಿಸಿದಂತೆ. ಟಾನಿಕ್ ಮದ್ದು ಮುಗಿದ ಮೇಲಿರಲಿ. ರಕ್ತ ಕಟ್ಟಲು ನೆರವಾಗುವ ಕೆ ಜೀವಸತ್ವ, ಕರುಳಗೋಡೆ ಮಾಗಲು ಬೇಕಾದ ಎ ಜೀವಸತ್ವ ಜೊತೆಗೇ ಕೊಡಬಹುದು. ರೋಗ ಜೋರಾಗಿದ್ದಾಗ ರೂಢಿಯ ಪ್ರಮಾಣ ನೀರಿನಲ್ಲಿ ಶೇ 0.024; ಶೇ 20ರ ಪುಡಿಯಾದರೆ 10 ಲೀಟರಿಗೆ 12 ಗ್ರಾಂ, ಮೂರರಿಂದ ಐದು ದಿನ. ಬಳಿಕ ಅದರ ಕಾಲುಭಾಗ, ಒಂದೆರಡು ವಾರ. ಪೊಟ್ಟಣದ ಮೇಲಿನ ಶೇಕಡಾವಾರು ಬೇರೆಯಾದರೆ ತೂಕವೂ ಬೇರೆಯಾಗುತ್ತದೆ, ಹಾಗಾಗಿ ಪಶುವೈದ್ಯರನ್ನು ಕೇಳಿಯೇ ಬೆರೆಸಬೇಕು.

ನೀರಿನಲ್ಲಿ ಮದ್ದು ಕೊಡುವುದಕ್ಕೆ ಕಾರಣ, ಮೇವು ಬಿಟ್ಟ ಮರಿಯೂ ನೀರು ಕುಡಿಯುತ್ತದೆ. ಆದರೆ ಮಳೆಗಾಲದಲ್ಲಿ ಅಂಗಳಕ್ಕೆ ಬಿಟ್ಟ ಮರಿ ಗುಂಡಿಯ ನೀರನ್ನೂ ಕುಡಿಯುತ್ತದೆ. ಅರ್ಧ ನೀರು ಗುಂಡಿಯದಾದರೆ ಹೊಟ್ಟೆ ಸೇರಿದ ಮದ್ದೂ ಅರ್ಧ. ಎರಡನೇ ದಿನ ರಕ್ತ ನಿಂತಿತೆಂದು ಮದ್ದು ನಿಲ್ಲಿಸುವುದೂ ಇದೇ ಸಾಲಿನದು. ಅರೆ ಮದ್ದಿಗೆ ಬಲಹೀನ ಪರಾವಲಂಬಿಗಳು ಸಾಯುತ್ತವೆ, ಗಟ್ಟಿಯವು ಉಳಿದು ಬೀಜ ಬಿಡುತ್ತವೆ. ಆಂಪ್ರೋಲಿಯಂ ಬಳಕೆಗೆ ಬಂದದ್ದು 1960ರಲ್ಲಿ. ಅದಕ್ಕೆ ಬಗ್ಗದ ಐಮೇರಿಯಾ ಕಾಣಿಸಿಕೊಳ್ಳಲು ಹೆಚ್ಚು ವರ್ಷ ಬೇಕಾಗಲಿಲ್ಲ. ಆಮೇಲೆ ಬಂದ ಮದ್ದುಗಳ ಕತೆಯೂ ಹಾಗೇ ಆಯಿತು. ಫಾರಂನವರು ಮದ್ದು ಬದಲಿಸುತ್ತ ಹೋಗುತ್ತಾರೆ. ಇಪ್ಪತ್ತು ಮರಿ ಸಾಕುವ ಮನೆಗೆ ಆಂಪ್ರೋಲಿಯಂ ಕೈಕೊಟ್ಟರೆ ಅಷ್ಟೇ ಅಗ್ಗದ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ಎಲ್ಲ ಭೇದಿಯೂ ರಕ್ತಭೇದಿಯಲ್ಲ. ಮೊದಲ ಎರಡು ವಾರದಲ್ಲೇ ಬಿಳಿ ಹಿಕ್ಕೆ ಗುದದ ಸುತ್ತ ಅಂಟಿಕೊಂಡು ಮರಿ ಸತ್ತರೆ ಅದು ಸಾಲ್ಮೊನೆಲ್ಲಾದ ಬಿಳಿಭೇದಿ ಇರಬಹುದು. ಹಸಿರು ಭೇದಿ, ಉಸಿರಿನ ತೊಂದರೆ, ತಿರುಚಿದ ಕತ್ತು ಕಂಡರೆ ಕೊಕ್ಕರೆ ರೋಗದ ಶಂಕೆ. ಅದಕ್ಕೆ ಲಸಿಕೆಯಲ್ಲದೆ ದಾರಿಯಿಲ್ಲ. ಐಮೇರಿಯಾದ ಕೆಲವು ಬಗೆಗಳು ರಕ್ತವನ್ನೇ ಹರಿಸದೆ ಮರಿಯನ್ನು ಸೊರಗಿಸುತ್ತವೆ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಹೆಚ್ಚು ಹೊತ್ತು ಬೇಡ. ಪಶು ಆಸ್ಪತ್ರೆ ದೂರವಾದವರಿಗೆ 1962 ಸಹಾಯವಾಣಿಯಿದೆ.

ರಕ್ತ ಕಂಡ ಸಂಜೆಯೇ ಕಾಯಿಲೆಯ ಮರಿಗಷ್ಟೇ ಅಲ್ಲ, ಇಡೀ ಗುಂಪಿಗೆ ಮದ್ದಿನ ನೀರಿಡಬೇಕು. ಐದು ದಿನ ಅಂಗಳಕ್ಕೆ ಬಿಡಬಾರದು. ಹೊಟ್ಟನ್ನು ಒಂದು ಹಿಡಿ ಅಮುಕಿ ಬಿಟ್ಟಾಗ ಉಂಡೆಯಾಗಿಯೇ ನಿಂತರೆ ತೇವ ಮಿತಿಮೀರಿದೆ. ಅಷ್ಟನ್ನೂ ತೆಗೆದು ಒಣ ಹೊಟ್ಟು ಹಾಸಬೇಕು, ನೀರಿನ ತಟ್ಟೆಯ ಸುತ್ತ ಮೊದಲು. ಆಮೇಲೆ ದಿನಕ್ಕೆ ಎಷ್ಟು ಮರಿ ಸತ್ತವು, ರಕ್ತದ ಹಿಕ್ಕೆ ಎಷ್ಟು ಕಡೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಅಳತೆ ತಪ್ಪದೆ ಮದ್ದು ಕೊಟ್ಟೂ ನಾಲ್ಕನೇ ದಿನ ಹೊಸ ರಕ್ತ ಕಂಡರೆ ಪ್ರಮಾಣ ಹೆಚ್ಚಿಸಬೇಡಿ. ಆ ಹಿಕ್ಕೆಯನ್ನು ಸಣ್ಣ ಸೀಸೆಗೆ ಹಾಕಿ, ಕ್ಯಾಲೆಂಡರಿನ ಹಾಳೆಯೊಂದಿಗೆ ಪಶುವೈದ್ಯರ ಬಳಿಗೆ ಒಯ್ಯಿರಿ, ಪಕ್ಕದ ಗೂಡಿನವರಿಗೂ ಅಂದೇ ತಿಳಿಸಿ.