ಹಿಂದೆ ತೂಗುವ ಭಾರ

ಬಳ್ಳಾರಿಯಿಂದ ಕುರುಗೋಡಿಗೋ ಸಿರುಗುಪ್ಪಕ್ಕೋ ಹೊರಟ ಆಟೊದಲ್ಲಿ ಹಿಂದಿನ ಸೀಟು ಯಾಕೆ ಅಷ್ಟು ಗಡಗಡ ನಡುಗುತ್ತದೆ ಎಂದರೆ, ಎಂಜಿನ್ ಇರುವುದೇ ಅಲ್ಲಿ. ಬಜಾಜ್ ಕಂಪನಿ ಹಿಂದೆ ಎಂಜಿನ್ ಇಟ್ಟ ಆಟೊವನ್ನು 1977ರಲ್ಲಿ ತಂದಿತು. 2009ರಲ್ಲಿ ಬಂದ ನ್ಯಾನೊ ಕಾರಿನದೂ ಅದೇ ಪದ್ಧತಿ. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ರಬ್ಬರು-ಕಬ್ಬಿಣದ ತುಂಡನ್ನು ಗ್ಯಾರೇಜಿನವರು ಫೌಂಡೇಶನ್ ಎನ್ನುತ್ತಾರೆ. ಹಳೆಯ ಕಾರಿಗೆ ಹೆಚ್ಚು ತೂಕದ ಬೇರೆ ಎಂಜಿನ್ ಕೂರಿಸುವಾಗ ಮೇಸ್ತ್ರಿಯ ಕಸುಬು ಗೊತ್ತಾಗುವುದು ಇಲ್ಲೇ.

ಈ ಕೆಲಸಕ್ಕೆ ಜಗತ್ತಿನಾದ್ಯಂತ ಹೆಚ್ಚಾಗಿ ಸಿಕ್ಕುವ ಕಾರು ಫೋಕ್ಸ್‌ವ್ಯಾಗನ್ ಬೀಟಲ್. ಅದರ ಚಾಸಿಯ ನಡುವೆ ಒಂದು ದಪ್ಪ ಕೊಳವೆ. ಹಿಂದೆ ಅದು ಕವಣೆಯ ಕವೆಯಂತೆ ಎರಡಾಗಿ ಒಡೆಯುತ್ತದೆ. ಗೇರ್ ಬಾಕ್ಸ್ ಆ ಕವೆಯೊಳಗೆ ಕೂತಿರುತ್ತದೆ. ಎಂಜಿನ್ನಿಗೆ ಮಾತ್ರ ಕೆಳಗಿನಿಂದ ಆಸರೆಯೇ ಇಲ್ಲ. ಸುಮಾರು 110 ಕೆ.ಜಿ. ತೂಗುವ ಅದು ನಾಲ್ಕು ಬೋಲ್ಟುಗಳ ಮೇಲೆ ಗೇರ್ ಬಾಕ್ಸಿಗೆ ಜೋತುಬಿದ್ದಿರುತ್ತದೆ. ಕಂಪನಿಯ ಎಂಜಿನ್ನಿಗೆ ಅಷ್ಟು ಸಾಕು. ತೂಕವೂ ಎಳೆತವೂ ಹೆಚ್ಚಾದರೆ ಕವೆಯ ಬುಡದಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಕಂಪನಿಗೂ ಇದು ತಿಳಿದಿತ್ತು: 1972ರ ಮಾದರಿಯ ವ್ಯಾನಿಗೆ ದೊಡ್ಡ ಎಂಜಿನ್ ಹಾಕಿದಾಗ ಅದರ ಹಿಂಬದಿಗೆ ಒಂದು ಅಡ್ಡಪಟ್ಟಿ ಕೊಟ್ಟು, ಎರಡು ಕಡೆ ರಬ್ಬರಿನ ಮೇಲೆ ತೂಗಿಸಿತು. ವ್ಯಾನಿನ ಚಾಸಿ ಹಿಂದಿನ ತುದಿಯವರೆಗೂ ಚಾಚಿರುವುದರಿಂದ ಅಡ್ಡಪಟ್ಟಿಗೆ ಜಾಗವಿತ್ತು. ಬೀಟಲ್‌ನಲ್ಲಿ ಆ ಅನುಕೂಲವಿಲ್ಲ. ಕವೆಯಿಂದಲೇ ಕಬ್ಬಿಣದ ಕೈಗಳನ್ನು ಹಿಂದಕ್ಕೆ ಎಳೆದು ಪಟ್ಟಿ ಕಟ್ಟಬೇಕು. ಬಂಪರ್ ಹಿಡಿದ ತಗಡನ್ನು ನಂಬಿದರೆ ಕೆಟ್ಟಂತೆ.

ಇಲ್ಲಿ ವೆಲ್ಡಿಂಗ್ ಬಲ್ಲವರಿಗೆಲ್ಲ ಒಂದು ಆಸೆ ಹುಟ್ಟುತ್ತದೆ: ಎಂಜಿನ್ನನ್ನು ಅಲ್ಲಾಡದಂತೆ ಬಿಗಿದುಬಿಡೋಣ ಎಂದು. ಬೇಡ. ಚಾಸಿ ಓಡುವಾಗ ತಿರುಚುತ್ತದೆ. ಸಿರುಗುಪ್ಪ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ರಸ್ತೆಯನ್ನೇ ಅಲೆಅಲೆ ಮಾಡಿಬಿಡುತ್ತದೆ; ಒಂದು ಚಕ್ರ ಏರಿದರೆ ಇನ್ನೊಂದು ಇಳಿದಿರುತ್ತದೆ. ಎರಡೂ ತುದಿ ಬಿಗಿದಿದ್ದರೆ ಆ ತಿರುಚು ನೇರವಾಗಿ ಗೇರ್ ಬಾಕ್ಸಿನ ಮೆಗ್ನೀಷಿಯಂ ಕವಚಕ್ಕೆ ಹೋಗುತ್ತದೆ, ಅದು ಸೀಳುತ್ತದೆ. ಆದ್ದರಿಂದ ಮೊದಲು ಜಾಕ್ ಕೊಟ್ಟು ಎಂಜಿನ್ನನ್ನು ಗೇರ್ ಬಾಕ್ಸಿನ ನೇರಕ್ಕೆ ತರಬೇಕು, ಬೋಲ್ಟು ಬಿಗಿಯಬೇಕು. ಹಿಂದಿನ ರಬ್ಬರನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ಮೇಲಷ್ಟೇ ಬಿಗಿಯಬೇಕು.

ಫೌಂಡೇಶನ್ ಎಷ್ಟು ಚೆನ್ನಾಗಿದ್ದರೂ ತೂಕ ಎಲ್ಲೂ ಹೋಗುವುದಿಲ್ಲ. ಬೀಟಲ್‌ನ ಮುಂದಿನ ಹಿಂದಿನ ಅಚ್ಚುಗಳ ನಡುವೆ 2,400 ಮಿ.ಮೀ. ದೂರ. ಹಿಂದಿನ ಅಚ್ಚಿನಿಂದ 600 ಮಿ.ಮೀ. ಆಚೆ 40 ಕೆ.ಜಿ. ಹೆಚ್ಚಿಸಿದರೆ ಹಿಂದೆ ಬೀಳುವುದು 50 ಕೆ.ಜಿ., ಮುಂದೆ 10 ಕೆ.ಜಿ. ಹಗುರ. ಸ್ಟಿಯರಿಂಗ್ ತೇಲಿದಂತಾಗುತ್ತದೆ, ತಿರುವಿನಲ್ಲಿ ಬಾಲ ಹೊರಕ್ಕೆ ಜಾರುತ್ತದೆ. ಪೋರ್ಷೆಯಂಥ ಕಂಪನಿಯೂ 911 ಕಾರಿನ ಈ ಚಾಳಿ ಬಿಡಿಸಲು 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿತು. ನಮ್ಮಂಥವರು ಬ್ಯಾಟರಿಯನ್ನು ಮುಂದಕ್ಕೆ ಒಯ್ಯಬಹುದು, ಅಷ್ಟೇ.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಕೆಎ-34 ನಂಬರಿನ ಕಾರಿದ್ದವರು ಮೊದಲು ಬಳ್ಳಾರಿ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆಮೇಲೆ ಎಂಜಿನ್ ಹುಡುಕಬೇಕು. ಹಲವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.