ಎತ್ತಿದ ಪಿಕಪ್ಪಿಗೆ ಎಷ್ಟುದ್ದದ ಶಾಕಪ್?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ ಖಾಲಿ ಹೊರಟ ಪಿಕಪ್‌ಗಳನ್ನು ಹಿಂದಿನಿಂದ ನೋಡಿ. ಕೆಲವಕ್ಕೆ ಹಿಂಭಾಗ ಮೇಲೆದ್ದೇ ಇರುತ್ತದೆ. ಕುಂದಗೋಳ, ನವಲಗುಂದ ಕಡೆಯ ಎರಿಹೊಲದ ದಾರಿಯಲ್ಲಿ ಚಾಸಿ ತಾಗಬಾರದು, ನಾಲ್ಕು ಚೀಲ ಹೆಚ್ಚಿಗೆ ಹಿಡಿಯಬೇಕು ಎಂದು ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪಾಟಾ ಸೇರಿಸಿರುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಇಂಥ ಮಾರ್ಪಾಡು ಹಿಡಿಸುವುದಿಲ್ಲ, ಶಾಕಪ್ಪಿಗೂ ಹಿಡಿಸುವುದಿಲ್ಲ. ಅದು ಎಣ್ಣೆ ಕಾರತೊಡಗಿದಾಗ ಗ್ಯಾರೇಜಿನಲ್ಲಿ ಹೊರಡುವ ಮಾತು: “ಎರಡ ಇಂಚು ಎತ್ತೇವಿ, ಎರಡ ಇಂಚು ಉದ್ದಂದು ಹಾಕ್ರಿ.”

ಲೆಕ್ಕ ಅಷ್ಟು ಸಲೀಸಲ್ಲ.

ಶಾಕಪ್ ಭಾರ ಹೊರುವುದಿಲ್ಲ, ಅದು ಪಾಟಾದ ಕೆಲಸ. ತಗ್ಗಿಗೆ ಬಿದ್ದ ಪಾಟಾ ಕುಣಿಯುತ್ತಲೇ ಇರದಂತೆ ತಡೆಯುವುದು ಇದರ ಪಾಲಿನದು. ಒಳಗಿನ ಪಿಸ್ಟನ್ ಸಣ್ಣ ಕಿಂಡಿಗಳ ಮೂಲಕ ಎಣ್ಣೆಯನ್ನು ನುಗ್ಗಿಸುತ್ತದೆ, ಕುಣಿತ ಶಾಖವಾಗುತ್ತದೆ. ನವಲಗುಂದ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಎರಡೂ ಶಾಕಪ್ ಮುಟ್ಟಿ ನೋಡಿ. ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ, ಕೆಟ್ಟಿರುವುದು ಬಹುತೇಕ ತಣ್ಣಗಿರುವುದೇ.

ಹೊಸದಕ್ಕೆ ಬೇಕಾದ್ದು ಮೂರು ಅಳತೆ, ಮೂರೂ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ. ಮೊದಲನೆಯದು ಗಾಡಿ ಸಪಾಟು ನೆಲದ ಮೇಲೆ ನಿಂತಾಗಿನದು, 44 ಸೆಂ.ಮೀ. ಎನ್ನಿ. ಎರಡನೆಯದಕ್ಕೆ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಹಳೆ ಶಾಕಪ್ ಬಿಚ್ಚಿ, ಆಕ್ಸಲ್ ಪೂರ್ತಿ ಜೋತುಬೀಳಲು ಬಿಡಬೇಕು: 52. ಮೂರನೆಯದು ಆಕ್ಸಲ್ ಪೂರ್ತಿ ಮೇಲೇರಿದಾಗಿನದು. ಅದಕ್ಕೆ ಗಾಡಿ ನಿಂತಾಗ ಆಕ್ಸಲ್ಲಿಗೂ ಬಂಪ್ ರಬ್ಬರಿಗೂ ನಡುವಿನ ತೆರಪು ನೋಡಿ. 9 ಸೆಂ.ಮೀ. ಇದ್ದರೆ ಅದನ್ನೂ, ರಬ್ಬರ್ ಅದುಮಿಕೊಳ್ಳುವ 2 ಸೆಂ.ಮೀ.ಯನ್ನೂ 44ರಿಂದ ಕಳೆಯಿರಿ: 33. ಶಾಕಪ್ ಓರೆಯಾಗಿದ್ದರೆ ಈ ಕಳೆಯುವ ಲೆಕ್ಕದಲ್ಲಿ ತುಸು ಹೆಚ್ಚುಕಮ್ಮಿ ಆಗುತ್ತದೆ. ಗಾಡಿಯ ಮೇಲಿನ ಹೊರೆ ಬದಲಾದರೆ ಬದಲಾಗುವುದು ಮೊದಲ ಅಳತೆ ಮಾತ್ರ.

ಕಂಪನಿಯ ಶಾಕಪ್ ಮುಚ್ಚಿದಾಗ 30, ಬಿಚ್ಚಿದಾಗ 46 ಇತ್ತು ಎಂದುಕೊಳ್ಳಿ. ಎತ್ತಿದ ಗಾಡಿ ನಿಂತಾಗಲೇ 44 ಆಯಿತು, ಕೆಳಗಿಳಿಯಲು ಉಳಿದದ್ದು ಬರೀ 2. ಗಾಲಿ ತಗ್ಗಿಗಿಳಿದಾಗ ಆಕ್ಸಲ್ಲಿನ ಜಗ್ಗಾಟವೆಲ್ಲ ಶಾಕಪ್ಪಿನ ಮೇಲೆ. ಎಣ್ಣೆ ಕಾರಿದ್ದು ಇದಕ್ಕೇ. ಎರಡು ಇಂಚು, ಅಂದರೆ 5 ಸೆಂ.ಮೀ. ಉದ್ದದ್ದು ಹಾಕಿದರೂ ಸಿಗುವುದು 51. ಆಗಲೂ 1 ಕಡಿಮೆ.

ಹಾಗಾದರೆ 54ರದ್ದು ಹಾಕೋಣ ಎನ್ನಬಹುದು. ಶಾಕಪ್ ಸೈಕಲ್ ಪಂಪಿನ ಹಾಗೆ: ಸರಳು ಎಷ್ಟು ಹೊರಬರಬೇಕೋ ಅದನ್ನು ನುಂಗುವಷ್ಟು ಉದ್ದದ ಕೊಳವೆಯೂ ಬೇಕು. ಬಿಚ್ಚಿದ ಉದ್ದ 8 ಹೆಚ್ಚಿದರೆ ಮುಚ್ಚಿದ ಉದ್ದವೂ ಸುಮಾರು 4 ಹೆಚ್ಚಿ 34 ಆಗುತ್ತದೆ. ಆದರೆ ಪಾಟಾ ಸೇರಿಸಿದ್ದರಿಂದ ಬಂಪ್ ರಬ್ಬರ್ ಜಾಗ ಬದಲಿಸಿಲ್ಲ, ಮೇಲಿನ ಮಿತಿ ಇನ್ನೂ 33. ತುಂಬಿದ ಗಾಡಿ ಹಂಪ್ ಹಾರಿ ಬಿದ್ದಾಗ ರಬ್ಬರ್ ಪೂರ್ತಿ ಅದುಮುವ ಮೊದಲೇ ಪಿಸ್ಟನ್ ಹೋಗಿ ತಳಕ್ಕೆ ಗುದ್ದುತ್ತದೆ, ವಾಲ್ವ್ ಪುಡಿ. ಇಂಥಲ್ಲಿ ರಬ್ಬರಿನಡಿ 2-3 ಸೆಂ.ಮೀ. ಪ್ಯಾಕಿಂಗ್ ಕೊಟ್ಟು ಮಿತಿಯನ್ನೇ ಕೆಳಗಿಳಿಸಬೇಕು. ಶಾಕಪ್ಪಿನ ದುಡ್ಡಿನ ಮುಂದೆ ಅದೇನೂ ದೊಡ್ಡ ಖರ್ಚಲ್ಲ.

ಓರೆಯ ವಿಷಯವೂ ಇದೆ. ನೆಟ್ಟಗೆ ನಿಂತ ಶಾಕಪ್ಪಿನ ತಡೆಗೆ ಹೋಲಿಸಿದರೆ 30 ಡಿಗ್ರಿ ವಾಲಿದ್ದು ಆಕ್ಸಲ್ಲಿಗೆ ಮುಕ್ಕಾಲು ಪಾಲು ತಡೆ ಕೊಡುತ್ತದೆ, 45 ಡಿಗ್ರಿಯದು ಅರ್ಧ. ಕಟ್ಟಿಂಗು, ವೆಲ್ಡಿಂಗು ಮಾಡಿ ಬ್ರ್ಯಾಕೆಟ್ ಜಾಗ ಬದಲಿಸುವವರು ಇದನ್ನು ಮರೆಯುತ್ತಾರೆ.

ಆಕ್ಸಲ್ ಜೋತುಬಿದ್ದಿರುವಾಗಲೇ ಬ್ರೇಕ್ ಹೋಸ್ ಎಳೆದಂತಾಗಿದೆಯೇ ಎಂದೂ ನೋಡಿಬಿಡಿ. ಅನೇಕ ಪಿಕಪ್‌ಗಳಲ್ಲಿ ಚಾಸಿಯಿಂದ ಆಕ್ಸಲ್ಲಿಗೊಂದು ಸಣ್ಣ ಸರಳು ಇರುತ್ತದೆ. ಗಾಡಿ ಎಷ್ಟು ಕುಗ್ಗಿದೆ ಎಂಬುದರಿಂದ ಹೊರೆ ಅಳೆದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ವಾಲ್ವಿಗೆ ತಿಳಿಸುವುದು ಅದೇ. ಹಿಂಭಾಗ ಎತ್ತಿದ ಗಾಡಿ ತುಂಬಿದ್ದರೂ ಆ ವಾಲ್ವಿಗೆ ಖಾಲಿಯಂತೆಯೇ ಕಾಣುತ್ತದೆ. ಹಿಂದಿನ ಬ್ರೇಕ್ ಸಡಿಲಾಗಿ, ನಿಲ್ಲಿಸುವ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಶಾಕಪ್ ಬದಲಿಸಿದ ದಿನವೇ ಆ ಸರಳನ್ನೂ ಹೊಂದಿಸಿಕೊಂಡು ಗ್ಯಾರೇಜ್ ಬಿಡಬೇಕು.