ರಕ್ತದೊತ್ತಡ: ನಾಳದ ಭೌತವಿಜ್ಞಾನ, ರಕ್ತದ ರಸಾಯನ

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪ್ರಾರಂಭವಾದ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಸಿಗುತ್ತದೆ. ಒಂದು ಕಡೆ ಹಸು, ನಾಯಿ, ಬೆಕ್ಕುಗಳಿಗೆ ಚಿಕಿತ್ಸೆ. ಇನ್ನೊಂದು ಕಡೆ ಜೀವಕೋಶ ಮತ್ತು ಅಣುಗಳ ಮಟ್ಟದ ಸಂಶೋಧನೆ. ಇವೆರಡನ್ನೂ ಜೋಡಿಸುವ ಒಂದು ಪ್ರಶ್ನೆಯಿದೆ. ಒಂದು ಪ್ರಾಣಿಯಲ್ಲಿ ಕಂಡುಕೊಂಡ ಸತ್ಯ ಇನ್ನೊಂದು ಪ್ರಾಣಿಗೂ ಅನ್ವಯಿಸುತ್ತದೆಯೆ? ರಕ್ತದೊತ್ತಡವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಕುದುರೆ ಮತ್ತು ಗಾಜಿನ ಕೊಳವೆ

ರಕ್ತದೊತ್ತಡವನ್ನು ಮೊದಲು ಅಳೆದದ್ದು ಮನುಷ್ಯನಲ್ಲಲ್ಲ, ಕುದುರೆಯಲ್ಲಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಕಟ್ಟಿಹಾಕಿದ ಕುದುರೆಯೊಂದರ ಧಮನಿಗೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದನು. ರಕ್ತವು ಕೊಳವೆಯಲ್ಲಿ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತು. ಈ ವಿವರವನ್ನು ಆತ 1733ರಲ್ಲಿ ಪ್ರಕಟಿಸಿದನು.

ಇದನ್ನು ಇಂದಿನ ಮಾನಕ್ಕೆ ಪರಿವರ್ತಿಸಿ ನೋಡಿ. 8 ಅಡಿ 3 ಅಂಗುಲ ಎಂದರೆ ಸುಮಾರು 2.51 ಮೀಟರ್. ರಕ್ತದ ಸಾಂದ್ರತೆ ನೀರಿನ 1.05 ಪಟ್ಟು, ಪಾದರಸದ್ದು 13.6 ಪಟ್ಟು. ಆದ್ದರಿಂದ 2.51 ಮೀಟರನ್ನು 1.05ರಿಂದ ಗುಣಿಸಿ 13.6ರಿಂದ ಭಾಗಿಸಿದರೆ 0.194 ಮೀಟರ್, ಅಂದರೆ 194 ಮಿಲಿಮೀಟರ್ ಪಾದರಸ ಬರುತ್ತದೆ. ಆರಾಮವಾಗಿ ನಿಂತಿರುವ ಕುದುರೆಯ ಒತ್ತಡ ಇದಕ್ಕಿಂತ ಬಹಳ ಕಡಿಮೆ. ಕಟ್ಟಿಹಾಕಿದ, ನೋವಿನಲ್ಲಿದ್ದ, ಹೆದರಿದ ಪ್ರಾಣಿಯ ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತಿರುತ್ತದೆ ಎಂಬುದನ್ನು ನೆನೆದರೆ ಈ ಏರಿಕೆ ಆಶ್ಚರ್ಯವಲ್ಲ. ಅಡ್ರಿನಲ್ ಗ್ರಂಥಿಯ ಸಾರವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ಒತ್ತಡ ಥಟ್ಟನೆ ಏರುವುದನ್ನು ಆಲಿವರ್ ಮತ್ತು ಷೇಫರ್ 1894ರಲ್ಲಿ ತೋರಿಸಿಕೊಟ್ಟರು.

ನಾಲ್ಕನೆಯ ಘಾತದ ಮಹಿಮೆ

ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣದ ವಸ್ತು ಇಷ್ಟು ದೊಡ್ಡ ಪರಿಣಾಮವನ್ನು ಉಂಟುಮಾಡುವುದು ಹೇಗೆ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. ಒತ್ತಡವು ರಕ್ತದ ಹರಿವು ಮತ್ತು ನಾಳಗಳ ರೋಧ ಇವೆರಡರ ಗುಣಲಬ್ಧ. ಓಮ್‌ನ ನಿಯಮವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ರೋಧವು ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಇದು ಪ್ವಾಸಯ್ ನಿಯಮ. ತ್ರಿಜ್ಯ ಕೇವಲ ಶೇ. 10ರಷ್ಟು ಕುಗ್ಗಿದರೆ ರೋಧವು 0.9ರ ನಾಲ್ಕನೆಯ ಘಾತದ ವ್ಯುತ್ಕ್ರಮದಷ್ಟು, ಅಂದರೆ 1.52 ಪಟ್ಟು ಆಗುತ್ತದೆ. ಸಣ್ಣ ಧಮನಿಗಳ ಗೋಡೆಯಲ್ಲಿರುವ ಸ್ನಾಯುವನ್ನು ತುಸು ಬಿಗಿಗೊಳಿಸುವ ಅಣುವಿಗೆ ಇಷ್ಟೇ ಸಾಕು.

ಈ ನಿಯಮಗಳು ಇಲಿಗೂ ಆನೆಗೂ ಒಂದೇ. ಮೈಸೂರಿನ ಮೃಗಾಲಯದಲ್ಲಿ ನೀವು ಜಿರಾಫೆಯನ್ನು ನೋಡಿರಬಹುದು. ಅದರ ಹೃದಯದ ಮಟ್ಟದಲ್ಲಿ ಸರಾಸರಿ ಒತ್ತಡ ಸುಮಾರು 200 ಮಿಲಿಮೀಟರ್ ಪಾದರಸ. ಮನುಷ್ಯನಲ್ಲಿ ಇದು 100ಕ್ಕಿಂತ ಕಡಿಮೆ. ಜಿರಾಫೆಯ ಮಿದುಳು ಹೃದಯಕ್ಕಿಂತ ಒಂದೂವರೆ ಮೀಟರ್ ಮೇಲಿದೆ ಎಂದಿಟ್ಟುಕೊಳ್ಳೋಣ. ಅಷ್ಟು ಎತ್ತರದ ರಕ್ತಸ್ತಂಭಕ್ಕೇ 116 ಮಿಲಿಮೀಟರ್ ವೆಚ್ಚವಾಗುತ್ತದೆ. ಉಳಿಯುವುದು 84. ಮಿದುಳಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ನಮಗೆ ರೋಗವೆನಿಸುವ ಒತ್ತಡ ಜಿರಾಫೆಗೆ ಬದುಕಿನ ಅಗತ್ಯ.

ಮೂತ್ರಪಿಂಡದ ಕತ್ತರಿ

ಭೌತನಿಯಮಗಳು ಎಲ್ಲ ಪ್ರಾಣಿಗಳಿಗೂ ಒಂದೇ ಆದರೂ ರಸಾಯನ ಹಾಗಲ್ಲ. 1898ರಲ್ಲಿ ಸ್ಟಾಕ್‌ಹೋಮಿನ ಟೀಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಮೊಲದ ಮೂತ್ರಪಿಂಡದ ಸಾರವನ್ನು ಬೇರೆ ಮೊಲಗಳಿಗೆ ಚುಚ್ಚಿದಾಗ ಒತ್ತಡ ಏರಿದ್ದನ್ನು ವರದಿ ಮಾಡಿದರು. ಆ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡದ ಧಮನಿಯನ್ನು ಭಾಗಶಃ ಅಮುಕಿ ಅದರಲ್ಲಿ ಅಧಿಕ ರಕ್ತದೊತ್ತಡ ಉಂಟಾಗುವುದನ್ನು ತೋರಿಸಿದ.

ರೆನಿನ್ ತಾನೇ ನಾಳಗಳನ್ನು ಬಿಗಿಗೊಳಿಸುವುದಿಲ್ಲ. ಅದೊಂದು ಕಿಣ್ವ, ಕತ್ತರಿಯಿದ್ದಂತೆ. ಯಕೃತ್ತು ತಯಾರಿಸುವ ಆಂಜಿಯೊಟೆನ್ಸಿನೊಜೆನ್ ಎಂಬ ಪ್ರೋಟೀನಿನ ತುದಿಯಿಂದ ಹತ್ತು ಅಮೈನೊ ಆಮ್ಲಗಳ ತುಂಡನ್ನು ಅದು ಕತ್ತರಿಸುತ್ತದೆ. ಎಸಿಇ ಎಂಬ ಇನ್ನೊಂದು ಕಿಣ್ವವು ಅದರಿಂದ ಎರಡನ್ನು ತೆಗೆದುಹಾಕಿದಾಗ ಎಂಟು ಅಮೈನೊ ಆಮ್ಲಗಳ ಆಂಜಿಯೊಟೆನ್ಸಿನ್-2 ಉಳಿಯುತ್ತದೆ. ನಾಳಗಳನ್ನು ಬಿಗಿಗೊಳಿಸುವುದು ಇದೇ.

ಈಗ ಪ್ರಾಣಿಗಳನ್ನು ಹೋಲಿಸಿ. ಮನುಷ್ಯ ಮತ್ತು ಕುದುರೆಯ ಆಂಜಿಯೊಟೆನ್ಸಿನ್‌ನಲ್ಲಿ ಐದನೆಯ ಸ್ಥಾನದಲ್ಲಿರುವುದು ಐಸೊಲ್ಯೂಸಿನ್. ಹಸುವಿನಲ್ಲಿ ವ್ಯಾಲಿನ್. ವ್ಯತ್ಯಾಸ ಅತ್ಯಲ್ಪ, ಎರಡೂ ಒತ್ತಡವನ್ನು ಏರಿಸುತ್ತವೆ. ಆದರೆ ಕತ್ತರಿ ಮಾತ್ರ ಬಲು ಹಟಮಾರಿ. ಇಲಿಯ ರೆನಿನ್ ಮನುಷ್ಯನ ಆಂಜಿಯೊಟೆನ್ಸಿನೊಜೆನನ್ನು ಸರಿಯಾಗಿ ಕತ್ತರಿಸಲಾರದು. ಕತ್ತರಿಸುವ ಜಾಗದ ಸುತ್ತಲಿನ ಅಮೈನೊ ಆಮ್ಲಗಳು ಬೇರೆ. 1993ರಲ್ಲಿ ಜಪಾನಿನ ವಿಜ್ಞಾನಿಗಳು ಕೆಲವು ಇಲಿಮರಿಗಳಿಗೆ ಮನುಷ್ಯನ ರೆನಿನ್ ಜೀನನ್ನೂ ಬೇರೆ ಕೆಲವಕ್ಕೆ ಆಂಜಿಯೊಟೆನ್ಸಿನೊಜೆನ್ ಜೀನನ್ನೂ ಸೇರಿಸಿದರು. ಯಾವುದಾದರೂ ಒಂದೇ ಜೀನ್ ಇದ್ದ ಇಲಿಗಳ ಒತ್ತಡ ಏರಲಿಲ್ಲ. ಅವುಗಳನ್ನು ಕೂಡಿಸಿ ಪಡೆದ, ಎರಡೂ ಜೀನ್ ಇದ್ದ ಸಂತತಿಯಲ್ಲಿ ಒತ್ತಡ ಏರಿತು.

ಇದು ಕೇವಲ ಪುಸ್ತಕದ ಮಾತಲ್ಲ. ಮನುಷ್ಯನ ರೆನಿನನ್ನು ತಡೆಯಲು ರೂಪಿಸಿದ ಅಲಿಸ್ಕಿರೆನ್ ಎಂಬ ಔಷಧಿ ಇಲಿಯ ರೆನಿನ್ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ. ಅದನ್ನು ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳಲ್ಲಿ ಪರೀಕ್ಷಿಸಬೇಕಾಯಿತು. 2007ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಇಲಿಯನ್ನಷ್ಟೇ ನಂಬಿದ್ದರೆ ಅದು ಕಸದ ಬುಟ್ಟಿ ಸೇರುತ್ತಿತ್ತು.

ಹಾವಿನ ವಿಷದಿಂದ ಮಾತ್ರೆಗೆ

ಪ್ರಾಣಿಗಳ ನಡುವಿನ ಹೋಲಿಕೆ ವರವಾದ ಕಥೆಯೂ ಉಂಟು. 1949ರಲ್ಲಿ ಬ್ರೆಜಿಲಿನ ರೋಚಾ ಎ ಸಿಲ್ವಾ ಮತ್ತು ಸಂಗಡಿಗರು ಜರರಾಕಾ ಎಂಬ ಮಂಡಲದ ಹಾವಿನ ವಿಷವನ್ನು ನಾಯಿಯ ರಕ್ತದ ಪ್ರೋಟೀನಿಗೆ ಸೇರಿಸಿ, ಒತ್ತಡವನ್ನು ಇಳಿಸುವ ಬ್ರಾಡಿಕೈನಿನ್ ಎಂಬ ವಸ್ತುವನ್ನು ಕಂಡುಹಿಡಿದರು. ಅದೇ ವಿಷದಲ್ಲಿ ಬ್ರಾಡಿಕೈನಿನ್‌ನ ಪರಿಣಾಮವನ್ನು ಹೆಚ್ಚಿಸುವ ಅಂಶವಿದೆ ಎಂದು 1965ರಲ್ಲಿ ಸರ್ಜಿಯೊ ಫೆರೇರಾ ತೋರಿಸಿದರು. ಬ್ರಾಡಿಕೈನಿನನ್ನು ನಾಶಮಾಡುವ ಕಿಣ್ವವೂ ಎಸಿಇ ಎಂಬುದು ಮುಂದೆ ತಿಳಿಯಿತು. ಅದನ್ನು ತಡೆದರೆ ಎರಡು ಲಾಭ: ಬಿಗಿಗೊಳಿಸುವ ಅಣು ಕಡಿಮೆ, ಸಡಿಲಗೊಳಿಸುವ ಅಣು ಹೆಚ್ಚು. ಈ ತಿಳಿವಳಿಕೆಯಿಂದ ಕುಷ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಔಷಧಿಯನ್ನು ರೂಪಿಸಿದರು. ಅದು 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದುಂಟು. ಉಳಿದುಕೊಂಡ ಬ್ರಾಡಿಕೈನಿನ್ ಅದಕ್ಕೊಂದು ಕಾರಣ. ಹಾಗಾದಾಗ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಬೇರೆ ಗುಂಪಿನ ಔಷಧಿಗಳಿವೆ.

ಇಂದು ಇದೇ ಗುಂಪಿನ ಎನಲಾಪ್ರಿಲ್, ಬೆನಾಜೆಪ್ರಿಲ್‌ಗಳನ್ನು ಮೂತ್ರಪಿಂಡದ ತೊಂದರೆಯಿರುವ ನಾಯಿಗಳಿಗೂ ಪಶುವೈದ್ಯರು ಕೊಡುತ್ತಾರೆ. ಬೆಕ್ಕಿನ ಅಧಿಕ ರಕ್ತದೊತ್ತಡಕ್ಕಾದರೋ ಹೆಚ್ಚಾಗಿ ಬಳಸುವುದು ಬೇರೆ ಬಗೆಯ ಆಮ್ಲೊಡಿಪಿನ್. ಹೆಸರು ಒಂದೇ ಆಗಿರಬಹುದು, ಆದರೆ ಪ್ರಮಾಣ ಒಂದೇ ಅಲ್ಲ. ಆದ್ದರಿಂದ ಮನೆಯ ಹಿರಿಯರ ಬಿಪಿ ಮಾತ್ರೆಯನ್ನು ಅರ್ಧ ಮಾಡಿ ನಾಯಿಗೋ ಬೆಕ್ಕಿಗೋ ಕೊಡುವುದು ಅಪಾಯಕರ.

ಶಿಕ್ಷಕರು ಹೇಲ್ಸನ ಲೆಕ್ಕವನ್ನು ದ್ರವಸ್ಥಿತಿ ಪಾಠದಲ್ಲಿ ಮಾಡಿಸಬಹುದು. ಮನುಷ್ಯನ 120 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ರಕ್ತಸ್ತಂಭ ಎಷ್ಟು ಎತ್ತರ ಏರೀತು ಎಂದು ವಿದ್ಯಾರ್ಥಿಗಳು ಕಂಡುಹಿಡಿಯಲಿ. ಉತ್ತರ ಸುಮಾರು ಒಂದೂವರೆ ಮೀಟರ್. ಅದೇ ಸೂತ್ರ ಎಲ್ಲ ಪ್ರಾಣಿಗಳಿಗೂ ಸಲ್ಲುತ್ತದೆ. ಒಂದು ಪ್ರಾಣಿಯ ಔಷಧಿ ಇನ್ನೊಂದಕ್ಕೆ ಸಲ್ಲುತ್ತದೆಯೆ ಎಂಬುದನ್ನು ಮಾತ್ರ ಪ್ರತಿ ಸಲವೂ ಪರೀಕ್ಷಿಸಿಯೇ ತಿಳಿಯಬೇಕು.